ರಿಪೋರ್ಟ್ ನಾರ್ಮಲ್ ಇತ್, ಹಂಗಾರೆ ಪಿಸಿಓಎಸ್ ಇಲ್ಯಾ?

ನಾನು ಬೆಂಗಳೂರಲ್ಲಿ ಕೋಡ್ ಬರೆಯುವವಳು, ಡಾಕ್ಟರಲ್ಲ. ಆದರೂ ಊರಿನ ತಂಗಿಯಂದಿರ ಬ್ಲಡ್ ರಿಪೋರ್ಟ್ ವಾಟ್ಸಾಪ್‌ನಲ್ಲಿ ಬರ್ತಾ ಇರುತ್ತೆ. ಈ ಸಲ ಬಂದದ್ದು ಕುಂಭಾಶಿಯಿಂದ, ಚಿಕ್ಕಮ್ಮನ ಮಗಳದ್ದು. ಎರಡು ಮೂರು ತಿಂಗಳಿಗೊಮ್ಮೆ ಮುಟ್ಟು, ಗಲ್ಲದ ಮೇಲೆ ದಪ್ಪ ಕೂದಲು. ಕುಂದಾಪುರದಲ್ಲಿ ಕೊಟ್ಟ ರಕ್ತದಲ್ಲಿ ಟೋಟಲ್ ಟೆಸ್ಟೋಸ್ಟಿರಾನ್ 48, ಮಿತಿಯೊಳಗೇ ಇದೆ. "ಅಕ್ಕಾ, ನಾರ್ಮಲ್ ಇತ್. ಹಂಗಾರೆ ಪಿಸಿಓಎಸ್ ಇಲ್ಯಾ?" ಮನೆಯಲ್ಲಿ ಎಲ್ಲರಿಗೂ ನಿರಾಳ, ಇನ್ನು ಡಾಕ್ಟರ ಹತ್ತಿರ ಹೋಗೋದೇ ಬೇಡ ಅನ್ನುವಷ್ಟು.

ತೊಂದರೆ ಇರೋದು ಈ ನಿರಾಳದಲ್ಲೇ.

ಆಂಡ್ರೋಜನ್ ಅಂದ್ರೆ ಗಂಡಸರ ಹಾರ್ಮೋನ್ ಅಂತ ಹೇಳ್ತೇವೆ. ಆದರೆ ಪ್ರತಿ ಹೆಣ್ಣಿನ ಅಂಡಾಶಯ ಮತ್ತು ಅಡ್ರಿನಲ್ ಗ್ರಂಥಿಯೂ ಅದನ್ನು ಸ್ವಲ್ಪ ತಯಾರಿಸುತ್ತವೆ. 2003ರ ರಾಟರ್‌ಡ್ಯಾಮ್ ಮಾನದಂಡದ ಪ್ರಕಾರ ಮೂರರಲ್ಲಿ ಎರಡು ಇದ್ದರೆ ಪಿಸಿಓಎಸ್: ಮುಟ್ಟಿನ ಏರುಪೇರು, ಆಂಡ್ರೋಜನ್ ಹೆಚ್ಚಳ, ಸ್ಕ್ಯಾನ್‌ನಲ್ಲಿ ತುಂಬಾ ಕೋಶಕಗಳಿರುವ ಅಂಡಾಶಯ. ಎರಡನೆಯದರ ಒಳಗೆ ಒಂದು 'ಅಥವಾ' ಇದೆ. ಹೆಚ್ಚಳ ರಕ್ತದಲ್ಲಿ ಕಾಣಬಹುದು, ಅಥವಾ ಮೈಮೇಲೆ ಕಾಣಬಹುದು. ಗಲ್ಲ, ಎದೆ, ಕಿಬ್ಬೊಟ್ಟೆಯಲ್ಲಿ ದಪ್ಪ ಕೂದಲು ಸ್ಪಷ್ಟವಾಗಿದ್ದರೆ, ಮುಟ್ಟೂ ತಪ್ಪುತ್ತಿದ್ದರೆ, ರಕ್ತದ ನಂಬರ್ ನಾರ್ಮಲ್ ಬಂದರೂ ಲೆಕ್ಕ ಅಳಿಸಿ ಹೋಗೋದಿಲ್ಲ. ಥೈರಾಯ್ಡ್, ಪ್ರೊಲ್ಯಾಕ್ಟಿನ್, 17-ಹೈಡ್ರಾಕ್ಸಿ ಪ್ರೊಜೆಸ್ಟಿರಾನ್ ನೋಡಿ ಬೇರೆ ಕಾರಣ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಬೇಕು, ಅಷ್ಟೇ.

ಆ ನಂಬರ್ ಯಾಕೆ ಕೈಕೊಡುತ್ತೆ? ಗಂಡಸರಲ್ಲಿ ಟೆಸ್ಟೋಸ್ಟಿರಾನ್ ಒಂದು ಡೆಸಿಲೀಟರ್‌ಗೆ ಸುಮಾರು 300ರಿಂದ 1000 ನ್ಯಾನೋಗ್ರಾಂ, ಹೆಂಗಸರಲ್ಲಿ ಸುಮಾರು 15ರಿಂದ 70. ಸಾಮಾನ್ಯ ಲ್ಯಾಬ್‌ನ ಇಮ್ಯುನೋಅಸ್ಸೇ ಮೆಷಿನ್‌ಗೆ ಇಷ್ಟು ಕಡಿಮೆ ಪ್ರಮಾಣ ಅಳೆಯೋದು ಕಷ್ಟ. ಅಕ್ಕಿ ಮುಡಿ ತೂಗುವ ತಕ್ಕಡಿಯಲ್ಲಿ ಉಂಗುರ ತೂಗಿದ ಹಾಗೆ. ಅದಕ್ಕೇ 2023ರ ಅಂತರರಾಷ್ಟ್ರೀಯ ಮಾರ್ಗಸೂಚಿ ಮಾಸ್ ಸ್ಪೆಕ್ಟ್ರೋಮೆಟ್ರಿ ವಿಧಾನವನ್ನು ಶಿಫಾರಸು ಮಾಡುತ್ತದೆ.

ಇನ್ನೊಂದು ವಿಷಯ. ರಕ್ತದಲ್ಲಿರುವ ಟೆಸ್ಟೋಸ್ಟಿರಾನ್‌ನ ಬಹುಪಾಲು ಪ್ರೋಟೀನ್‌ಗಳಿಗೆ ಅಂಟಿಕೊಂಡಿರುತ್ತೆ, ಬಿಡಿಯಾಗಿರುವ ಚೂರೇ ಕೆಲಸ ಮಾಡೋದು. ಎಸ್‌ಎಚ್‌ಬಿಜಿ ಅದನ್ನು ಗಟ್ಟಿಯಾಗಿ ಹಿಡಿದಿಡುವ ಪ್ರೋಟೀನ್. ಇನ್ಸುಲಿನ್ ಜಾಸ್ತಿಯಾದರೆ ಇದು ಕಡಿಮೆಯಾಗುತ್ತೆ. ಆಗ ಟೋಟಲ್ ನಾರ್ಮಲ್ ಇದ್ದರೂ ಫ್ರೀ ಜಾಸ್ತಿ ಇರಬಹುದು. ಟೋಟಲ್ ಜೊತೆ ಎಸ್‌ಎಚ್‌ಬಿಜಿ ಕೂಡ ನೋಡಿದರೆ ಫ್ರೀ ಆಂಡ್ರೋಜನ್ ಇಂಡೆಕ್ಸ್ ಲೆಕ್ಕ ಹಾಕಬಹುದು.

ಟೆಸ್ಟ್‌ಗೆ ಹೋಗುವ ಮುಂಚೆ ಗಮನಿಸಿ:

ಗರ್ಭನಿರೋಧಕ ಮಾತ್ರೆ ತಗೊಳ್ತಿದ್ದರೆ ಫಲಿತಾಂಶ ನಂಬುವ ಹಾಗಿಲ್ಲ. ನಿಲ್ಲಿಸಿ ಕನಿಷ್ಠ ಮೂರು ತಿಂಗಳು ಬೇಕು. ಆದರೆ ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ.

ಕೂದಲು ಉದುರುತ್ತೆ ಅಂತ ಬಯೋಟಿನ್ ನುಂಗ್ತಿದ್ದರೆ ಲ್ಯಾಬ್‌ಗೆ ಹೇಳಿ. ಕೆಲವು ಮೆಷಿನ್‌ಗಳಲ್ಲಿ ಅದರಿಂದ ಟೆಸ್ಟೋಸ್ಟಿರಾನ್ ಸುಳ್ಳೇ ಜಾಸ್ತಿ ತೋರಿಸುತ್ತೆ.

ಎರಡು ಲ್ಯಾಬ್‌ಗಳ ರಿಪೋರ್ಟ್ ಹೋಲಿಸುವಾಗ ಯೂನಿಟ್ ನೋಡಿ. 1 ನ್ಯಾನೋಮೋಲ್ ಪ್ರತಿ ಲೀಟರ್ ಅಂದ್ರೆ ಸುಮಾರು 29 ನ್ಯಾನೋಗ್ರಾಂ ಪ್ರತಿ ಡೆಸಿಲೀಟರ್.

ಸಂಖ್ಯೆ 150–200 ದಾಟಿದ್ದರೆ, ಅಥವಾ ಕೆಲವೇ ತಿಂಗಳಲ್ಲಿ ದನಿ ಗಡಸಾಗಿ ಕೂದಲು ಹೆಚ್ಚಾದರೆ ತಡ ಮಾಡಬೇಡಿ. ಅಪರೂಪಕ್ಕೆ ಗಡ್ಡೆಯೂ ಕಾರಣವಾಗಿರಬಹುದು.

ಯಾವ ಅಳತೆಗೋಲು ಹಿಡಿದೆವು ಅನ್ನೋದು ಎಷ್ಟು ಮುಖ್ಯ ಅಂತ ಕೇಳಿದರೆ, 2024ರಲ್ಲಿ ಪ್ರಕಟವಾದ ಐಸಿಎಂಆರ್ ಬೆಂಬಲದ ದೇಶವ್ಯಾಪಿ ಅಧ್ಯಯನ ನೋಡಿ. 18ರಿಂದ 40 ವರ್ಷದ ಅದೇ ಹೆಂಗಸರಲ್ಲಿ, ಆಂಡ್ರೋಜನ್ ಹೆಚ್ಚಳ ಮತ್ತು ಮುಟ್ಟಿನ ಏರುಪೇರು ಎರಡೂ ಕಡ್ಡಾಯ ಎನ್ನುವ ಹಳೆಯ ಮಾನದಂಡದಲ್ಲಿ ಪಿಸಿಓಎಸ್ ಶೇ. 7.2, ರಾಟರ್‌ಡ್ಯಾಮ್‌ನಲ್ಲಿ ಶೇ. 19.6.

ಹಾಗಾಗಿ ತಂಗಿಗೆ ಹೇಳಿದ್ದು ಇಷ್ಟೇ: ಪಿಡಿಎಫ್ ನನಗೆ ಕಳಿಸಿದ್ದು ಸಾಕು, ಸ್ತ್ರೀರೋಗ ತಜ್ಞರಿಗೆ ತೋರಿಸು. ಗಲ್ಲದ ಕೂದಲನ್ನು ಥ್ರೆಡ್ಡಿಂಗ್ ಮಾಡಿಸಿ ಮುಚ್ಚಿಟ್ಟುಕೊಂಡು ಹೋಗಬೇಡ, ಬಾಯಿಬಿಟ್ಟು ಹೇಳು. ಒಂದು ವರ್ಷದ ಮುಟ್ಟಿನ ತಾರೀಕು ಬರೆದುಕೊಂಡು ಹೋಗು. ಮೂರು ತಿಂಗಳಿಗಿಂತ ಹೆಚ್ಚು ಮುಟ್ಟು ನಿಂತರೆ ಗರ್ಭಕೋಶದ ಒಳಪದರ ದಪ್ಪವಾಗುತ್ತಾ ಹೋಗಬಹುದು. ಸಕ್ಕರೆ ಪರೀಕ್ಷೆಯೂ ಆಗಬೇಕು. ಮದುವೆ ಮಾತುಕತೆಗೆ ಏನು ಹೇಳೋದು ಅನ್ನೋದು ಆಮೇಲಿನ ಮಾತು. ಮೊದಲು ಅವಳ ಆರೋಗ್ಯ.