ಎರಡು ಸ್ವರ, ಒಂದು ಪದ ಸಾಕು



ಬೆಳುಗುಪ್ಪದ ನಾವು ಕ್ರಿಸ್ಮಸ್ ಗೀತೆಯೊಂದಕ್ಕೆ ಕಂಪ್ಯೂಟರಿನಲ್ಲಿ ಸ್ವರಲಿಪಿ ಹಾಕುತ್ತಿದ್ದೆವು. ಮೊದಲ ಚರಣದ ಒತ್ತಕ್ಷರಗಳು ಎರಡನೆಯ ಚರಣದ ಮೇಲೆ ಬಿದ್ದು ಎರಡೂ ಓದಲಾಗದಂತಾದವು. 64 ಬಾರ್‌ಗಳ ಇಡೀ ಫೈಲನ್ನೇ ತಂತ್ರಾಂಶದವರಿಗೆ ಕಳಿಸಿ, "ಕನ್ನಡ ಸರಿಯಾಗಿ ಬರುತ್ತಿಲ್ಲ" ಎಂದು ಬರೆದೆವು. ಉತ್ತರ ಬರಲಿಲ್ಲ.

ತಪ್ಪು ನಮ್ಮದೇ ಎನ್ನುತ್ತೇವೆ. ಕನ್ನಡ ಓದಲು ಬಾರದವರು ಅಷ್ಟರಲ್ಲಿ ಎಲ್ಲಿ ಹುಡುಕಬೇಕು? ಲಿಲಿಪಾಂಡ್‌ನಂಥ ಉಚಿತ ತಂತ್ರಾಂಶದವರು ದೋಷ ತಿಳಿಸುವವರಿಂದ ಕೇಳುವುದು ಆದಷ್ಟು ಚಿಕ್ಕ ಉದಾಹರಣೆಯನ್ನೇ.

ಆಮೇಲೆ ಫೈಲಿನ ಪ್ರತಿ ಮಾಡಿ ಅರ್ಧ ಅಳಿಸಿದೆವು. ತೊಂದರೆ ಉಳಿದ ಭಾಗವನ್ನು ಮತ್ತೆ ಅರ್ಧ ಮಾಡಿದೆವು. ಆರೇ ಸಲಕ್ಕೆ ಒಂದು ಬಾರ್ ಉಳಿಯಿತು. ಉಳಿದ ಧ್ವನಿಗಳನ್ನೂ ತೆಗೆದೆವು. ಕೊನೆಗೆ ಉಳಿದದ್ದು ಎರಡು ಸ್ವರ, ಕೆಳಗೆ ಎರಡು ಸಾಲಿನಲ್ಲಿ ‘ಸ್ತೋತ್ರ’. ಅಲ್ಲಿ ‘ದೇವ’ ಎಂದು ಬರೆದರೆ ತೊಂದರೆಯೇ ಇಲ್ಲ! ಕಾರಣ ಒತ್ತಕ್ಷರ ಎಂದು ನಮಗೂ ಆಗಲೇ ಗೊತ್ತಾದದ್ದು.

ಆ ತುಣುಕಿನ ಜೊತೆ ಏನು ಬರಬೇಕಿತ್ತು, ಏನು ಬಂತು, ತಂತ್ರಾಂಶದ ಆವೃತ್ತಿ ಮತ್ತು ಫಾಂಟ್ ಯಾವುದು ಎಂದು ಬರೆದು, ಒಂದು ಚಿತ್ರವನ್ನೂ ಸೇರಿಸಿ ಕಳಿಸಿದೆವು. ಇದು ನಮ್ಮೊಬ್ಬರ ಕೆಲಸವಲ್ಲ. ನಮ್ಮ ನೆರೆಯ ತೆಲುಗಿಗೂ ಕೆಳಗಿಳಿಯುವ ಒತ್ತುಗಳಿವೆ. ನಾವು ಸರಿಯಾಗಿ ಹೇಳದಿದ್ದರೆ ನಮ್ಮ ಅಕ್ಷರಗಳ ಕಷ್ಟ ಬೇರೆ ಯಾರಿಗೆ ತಿಳಿದೀತು?

ಹಾಡಿನ ಅಭ್ಯಾಸದಲ್ಲೂ ಅಷ್ಟೇ. "ಹಾಡು ಚೆನ್ನಾಗಿಲ್ಲ" ಎಂದರೆ ಮನಸ್ಸು ನೋಯುತ್ತದೆ. "ಎರಡನೆಯ ಸಾಲಿನ ಕೊನೆಯ ಸ್ವರ ಇಳಿಯುತ್ತಿದೆ" ಎಂದರೆ ಹಾಡು ಸರಿಹೋಗುತ್ತದೆ.