ಪ್ರಶ್ನೆ ಊರಿನಿಂದ ಬರಲಿ

2025ರ ಫೆಬ್ರವರಿಯಲ್ಲಿ ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತು ಸಂಪುಟ ಉಪಸಮಿತಿಯಿಂದ ಹೊರಬಂದಾಗ ಆ ಪಟ್ಟಿಯಲ್ಲಿ ಕೊಪ್ಪಳವೂ ಇತ್ತು. ಯಲಬುರ್ಗಾದಿಂದ ಬೇರ್ಪಟ್ಟ ಕುಕನೂರು ತಾಲೂಕಿನ ತಳಕಲ್ಲಿನಲ್ಲಿ ಈ ಕೊಪ್ಪಳ ವಿಶ್ವವಿದ್ಯಾಲಯ ಶುರುವಾಗಿದ್ದು 2023ರಲ್ಲಷ್ಟೇ. ಹಣದ ಕೊರತೆಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನನ್ನನ್ನು ಕಾಡುವುದು ಬೇರೆಯೇ: ಅದು ಮುಚ್ಚಿದರೆ ಪದವಿ ಬಯಸುವವರಿಗಲ್ಲದೆ ಇನ್ಯಾರಿಗೆ ನಷ್ಟ? ಕುಷ್ಟಗಿಯ ಸಜ್ಜೆ ಬೆಳೆಗಾರನಿಗೂ ಇದು ನಮ್ಮದು ಅನ್ನಿಸಿರದಿದ್ದರೆ ಅದನ್ನು ಉಳಿಸಲು ಬರುವವರು ಯಾರು?

ನಮ್ಮಲ್ಲಿ ವಿಶ್ವವಿದ್ಯಾಲಯಕ್ಕೂ ಊರಿಗೂ ನಡುವಿನ ಸಹಭಾಗಿತ್ವವೆಂದರೆ ಹಳ್ಳಿಯೊಂದನ್ನು ದತ್ತು ಪಡೆಯುವುದು, ಏಳು ದಿನ ಎನ್‌ಎಸ್‌ಎಸ್ ಶಿಬಿರ ಹೂಡಿ ಗಿಡ ನೆಟ್ಟು ಬರುವುದು. ಅದು ಬೇಡವೆನ್ನಲಾರೆ, ಆದರೆ ಅಲ್ಲಿ ಕೊಡುವವರು ಒಬ್ಬರು, ಪಡೆಯುವವರು ಇನ್ನೊಬ್ಬರು. ಊರಿನ ತೊಡಕೇ ಸಂಶೋಧನೆಯ ವಿಷಯವಾದಾಗ ಮಾತ್ರ ಇಬ್ಬರೂ ಸಮನಾಗಿ ಕೂರುತ್ತಾರೆ.

ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರವನ್ನು ನೋಡಿ. ರಾಯಚೂರು ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದ ಈ ಕೇಂದ್ರ 'ಗಂಗಾವತಿ ಸೋನಾ' ಎಂಬ ಭತ್ತದ ತಳಿಯನ್ನು ಕೊಟ್ಟಿದೆ. ತಳಿ ಹರಡುವುದು ಸುಲಭ. ಬೀಜ ಒಬ್ಬರ ಹೊಲದಿಂದ ಇನ್ನೊಬ್ಬರ ಹೊಲಕ್ಕೆ ತಾನೇ ಹೋಗುತ್ತದೆ. ಅದೇ ಕೇಂದ್ರ ಕೆಲಸ ಮಾಡುತ್ತಿರುವ ಸವಳು-ಜವಳಿನ ವಿಷಯ ಹಾಗಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ಮೇಲ್ಭಾಗದಲ್ಲಿ ಭತ್ತಕ್ಕೆ ನೀರು ನಿಲ್ಲಿಸಿದಂತೆಲ್ಲ ತಗ್ಗಿನ ಹೊಲಗಳಲ್ಲಿ ನೀರಿನ ಮಟ್ಟ ಏರಿ, ಉಪ್ಪು ಮೇಲೆ ಬರುತ್ತದೆ. ಕಾಲುವೆಯ ಕೊನೆಯವರಿಗೆ ನೀರೇ ತಲುಪುವುದಿಲ್ಲ. ನೆಲದೊಳಗೆ ಕೊಳವೆ ಹೂತು ಉಪ್ಪುನೀರು ಬಸಿಯುವ ವಿಧಾನವೇನೋ ಇದೆ. ಆದರೆ ಬಸಿದ ನೀರು ಹೋಗಬೇಕಾದದ್ದು ಪಕ್ಕದವನ ಹೊಲ ದಾಟಿ ಹಳ್ಳಕ್ಕೆ. ಒಬ್ಬ ಒಪ್ಪದಿದ್ದರೆ ಎಲ್ಲರ ಕೊಳವೆಯೂ ವ್ಯರ್ಥ. ಇಲ್ಲಿ ಮಣ್ಣುವಿಜ್ಞಾನಿಯೊಬ್ಬರೇ ಸಾಲದು. ನೀರಿನ ಪಾಳಿ, ಭೂಮಿಯ ಒಡೆತನ, ಜಾತಿಯ ಬಲಾಬಲ ಬಲ್ಲ ಸಮಾಜಶಾಸ್ತ್ರದವರೂ, ವರ್ಷಗಟ್ಟಲೆ ಅದೇ ಹೊಲದಲ್ಲಿ ಕಾಲಿಟ್ಟ ರೈತರೂ ಒಟ್ಟಿಗೆ ಬೇಕು. ತಳಕಲ್ಲಿನ ವಿಶ್ವವಿದ್ಯಾಲಯಕ್ಕೆ ಇದಕ್ಕಿಂತ ದೊಡ್ಡ ವಿಷಯ ಎಲ್ಲಿ ಸಿಕ್ಕೀತು?

ಜನರೇನೂ ಕೈಕಟ್ಟಿ ಕೂತಿಲ್ಲ. 2019ರಲ್ಲಿ ಗವಿಮಠದ ಶ್ರೀಗಳು ಮುಂದಾದಾಗ ಕೊಪ್ಪಳದ ಹಿರೇಹಳ್ಳವನ್ನು ಮೈಲುಗಟ್ಟಲೆ ಸ್ವಚ್ಛಗೊಳಿಸಿದವರು ಇವರೇ. ಆ ದಡದ ಬಾವಿಗಳ ನೀರಿನ ಮಟ್ಟವನ್ನು ಪ್ರತಿ ಬೇಸಿಗೆ ಅಳೆದಿಡುವುದು ವಿದ್ಯಾರ್ಥಿಗಳಿಂದ ಆಗುವ ಕೆಲಸ. ದೊಡ್ಡ ಅನುದಾನವೇನೂ ಬೇಡ. ಭೌಗೋಳಿಕ ಸೂಚಕ ಪಡೆದ ಕಿನ್ನಾಳದ ಬೊಂಬೆ ಕಲೆಯನ್ನು ಅಲ್ಲಿನ ಚಿತ್ರಗಾರರು ಅತಿಥಿಗಳಾಗಿ ಅಲ್ಲ, ಸಂಬಳ ಪಡೆಯುವ ಅಧ್ಯಾಪಕರಾಗಿ ಬಂದು ಕಲಿಸಲಿ. ಪದವಿಪತ್ರ ಬೇಕೆಂಬ ನಿಯಮ ಅಡ್ಡ ಬಂದರೆ ನಿಯಮವನ್ನೇ ಬದಲಿಸಬೇಕು.

ಇನ್ನೊಂದು ಮಾತನ್ನು ಒತ್ತಿ ಹೇಳುತ್ತೇನೆ. ಊರಿನಿಂದ ಮಾಹಿತಿ ಪಡೆದ ಪ್ರತಿ ಪ್ರಬಂಧದ ಫಲಿತಾಂಶವೂ ಕನ್ನಡದಲ್ಲಿ ಆ ಊರಿನ ಗ್ರಾಮಸಭೆಯ ಮುಂದೆ ಬರಬೇಕು, ಅಲ್ಲಿನವರು ತಪ್ಪು ತೋರಿಸಿದರೆ ತಿದ್ದಬೇಕು. ಅದಾದ ಮೇಲೆಯೇ ಪದವಿ ಕೊಡಲಿ.