ಎರರ್ ಬಂದ್ರೆ ಚೆಕ್ ತೆಗೀಬೇಡಿ, ಕಾರಣ ಹುಡುಕಿ

(1/5)
ನೆಟ್‌ವರ್ಕ್ಸ್ ಲ್ಯಾಬ್‌ನಲ್ಲಿ ‘ಚೆಕ್‌ಸಮ್ ತಪ್ಪು’ ಅಂತ ಪ್ಯಾಕೆಟ್ ಡ್ರಾಪ್ ಆದ್ರೆ, ಚೆಕ್ ಮಾಡೋ ಸಾಲನ್ನೇ ಕಾಮೆಂಟ್ ಮಾಡಿಬಿಡೋದು ಸುಲಭ. ಔಟ್‌ಪುಟ್ ಬರುತ್ತೆ, ಮಾರ್ಕ್ಸೂ ಬರುತ್ತೆ. ಆದರೆ ಅದು ಫಿಕ್ಸ್ ಅಲ್ಲ ಗೆಳೆಯರೇ. ನಾಯಿ ಬೊಗಳ್ತು ಅಂತ ನಾಯೀನೇ ಓಡಿಸಿ ಮಲಗಿದಂಗೆ. ಜಾಸ್ತಿ ಆಯ್ತು ಅನ್ಸಿದ್ರೆ ಮುಂದೆ ಓದಿ, ಲಿನಕ್ಸ್ ಕರ್ನಲ್‌ನಲ್ಲೇ ಇದು ನಡೆದಿದೆ.

(2/5)
ಚೆಕ್‌ಸಮ್ ಅಂದ್ರೆ ಬರೀ ಕೂಡೋ ಲೆಕ್ಕ. ಡೇಟಾವನ್ನು 16 ಬಿಟ್ ಸಂಖ್ಯೆಗಳಾಗಿ ಕೂಡಿ, ಉಳಿದ ಕ್ಯಾರಿಯನ್ನೂ ಸೇರಿಸಿ, ಬಿಟ್‌ಗಳನ್ನು ಉಲ್ಟಾ ಮಾಡೋದು. ‘ಈಥರ್ನೆಟ್‌ನಲ್ಲಿ ಸಿಆರ್‌ಸಿ ಇದೆಯಲ್ಲ, ಇದ್ಯಾಕೆ?’ ಅಂತೀರಾ? ಸಿಆರ್‌ಸಿ ಕಾಯೋದು ಒಂದೊಂದು ಲಿಂಕನ್ನು ಮಾತ್ರ. ರೌಟರ್‌ನ ಮೆಮೊರಿಯೊಳಗೆ ಡೇಟಾ ಕೆಟ್ಟರೆ, ಕೆಟ್ಟ ಡೇಟಾಗೇ ಹೊಸ ಸಿಆರ್‌ಸಿ ಹಾಕಿ ಮುಂದೆ ಕಳಿಸುತ್ತೆ. 2000ರಲ್ಲಿ ಸ್ಟೋನ್ ಮತ್ತು ಪಾರ್ಟ್ರಿಜ್ ನಿಜವಾದ ಟ್ರಾಫಿಕ್ ಅಳೆದು ನೋಡಿದಾಗ, 1,100ರಿಂದ 32,000 ಪ್ಯಾಕೆಟ್‌ಗಳಿಗೆ ಒಂದರಂತೆ ಟಿಸಿಪಿ ಚೆಕ್‌ಸಮ್‌ನಲ್ಲಿ ಫೇಲ್ ಆಗ್ತಿತ್ತು.

(3/5)
ಈಗ ಅಸಲಿ ಕಥೆ. ಕಂಟೈನರ್‌ಗೂ ಹೊರಗಿನ ಮೆಷೀನ್‌ಗೂ ನಡುವೆ ಪೈಪ್ ಥರ ಇರೋದು ‘ವೀ-ಈಥ್’ ಡ್ರೈವರ್. ಒಂದೇ ಮೆಷೀನ್ ಒಳಗೆ ಓಡಾಡೋ ಪ್ಯಾಕೆಟ್ ತಂತಿಯನ್ನೇ ಮುಟ್ಟಲ್ಲ, ಹಾಗಾಗಿ ಚೆಕ್ ಬೇಡ ಅನ್ನೋದು ಅದರ ಲೆಕ್ಕಾಚಾರ. ಸರಿಯೇ. ಆದರೆ ಹೊರಗಿಂದ ಬಂದ ಪ್ಯಾಕೆಟ್ ಮೇಲೆ ‘ಇನ್ನೂ ಪರೀಕ್ಷೆ ಆಗಿಲ್ಲ’ ಅನ್ನೋ ಗುರುತಿದ್ರೂ, ಅದನ್ನು ‘ಪರೀಕ್ಷೆ ಅಗತ್ಯವಿಲ್ಲ’ ಅಂತ ತಿದ್ದಿಬಿಡ್ತಿತ್ತು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ! ಕೆಲವು ಕಂಟೈನರ್ ಸೆಟಪ್‌ಗಳಲ್ಲಿ ಕೆಟ್ಟ ಡೇಟಾ ಸೀದಾ ಅಪ್ಲಿಕೇಶನ್ ಕೈಗೆ ಹೋಗ್ತಿತ್ತು.

ಟ್ವಿಟರ್‌ನಲ್ಲಿ ಕಂಡ ವಿಚಿತ್ರ ತೊಂದರೆಯ ಜಾಡು ಹಿಡಿದು ಇದನ್ನು ಪತ್ತೆ ಮಾಡಿದವರು ವಿಜಯ್ ಪಾಂಡುರಂಗನ್ ಮತ್ತು ಇವಾನ್ ಜೋನ್ಸ್. 2015ರ ಕೊನೆಗೆ ಫಿಕ್ಸ್ ಕರ್ನಲ್ ಸೇರಿತು. ಆ ಫಿಕ್ಸ್ ಏನು ಗೊತ್ತಾ? ಗುರುತು ತಿದ್ದೋ ಕೆಲವೇ ಸಾಲುಗಳನ್ನು ಅಳಿಸಿದ್ದು. ಅಷ್ಟೇ.

(4/5)
ಹಾಗಾದ್ರೆ ಎರರ್ ಬಂದಾಗ ಏನ್ ನೋಡ್ಬೇಕು?
• ಕಳಿಸೋ ಮೆಷೀನ್‌ನಲ್ಲಿ ವೈರ್‌ಶಾರ್ಕ್ ‘ತಪ್ಪು’ ಅಂದ್ರೆ ಗಾಬರಿ ಬೇಡ. ಲೆಕ್ಕ ಹಾಕೋ ಕೆಲಸವನ್ನು ನೆಟ್‌ವರ್ಕ್ ಕಾರ್ಡ್‌ಗೆ ಬಿಟ್ಟಿರಬಹುದು. ತಲುಪೋ ಕಡೆ ಕ್ಯಾಪ್ಚರ್ ಮಾಡಿ ನೋಡಿ.
• ಲೆಕ್ಕಕ್ಕೆ ಮುಂಚೆ ಚೆಕ್‌ಸಮ್ ಜಾಗವನ್ನು ಸೊನ್ನೆ ಮಾಡಿದ್ದೀರಾ?
• ಬೈಟ್‌ಗಳು ಬೆಸ ಸಂಖ್ಯೆಯಲ್ಲಿದ್ರೆ ಕೊನೆಗೊಂದು ಸೊನ್ನೆ ಸೇರಿಸಿದ್ದೀರಾ?
• ಐಪಿ ವಿಳಾಸ ಬದಲಿಸಿದ್ರೆ ಟಿಸಿಪಿ ಚೆಕ್‌ಸಮ್ಮನ್ನೂ ಬದಲಿಸಬೇಕು. ಆ ವಿಳಾಸಗಳೂ ಲೆಕ್ಕದೊಳಗೇ ಇವೆ.

(5/5)
‘ಸ್ಪೀಡ್ ಬೇಡ್ವಾ?’ ಬೇಕು. ಹಾರ್ಡ್‌ವೇರ್ ಚೆಕ್ ಮಾಡಿದ್ರೆ ಸಾಫ್ಟ್‌ವೇರ್ ಬಿಡಬಹುದು, ತಪ್ಪಿಲ್ಲ. ಆದರೆ ಯಾರಾದ್ರೂ ಒಬ್ಬರು ಮಾಡಿರಲೇಬೇಕು. ಚೆಕ್‌ಸಮ್ ಏನು ಮಹಾ ಗಟ್ಟಿ ಕಾವಲಲ್ಲ. ಎರಡು 16 ಬಿಟ್ ಸಂಖ್ಯೆಗಳು ಅದಲುಬದಲಾದ್ರೂ ಅದಕ್ಕೆ ಗೊತ್ತಾಗಲ್ಲ, ಮೊತ್ತ ಅದೇ ಬರುತ್ತೆ. ಇರೋದೇ ಇಷ್ಟು ತೆಳು ಬೇಲಿ, ಅದನ್ನೂ ಕೀಳೋದ್ಯಾಕೆ?

ಡ್ರಾಪ್ ಆದ ಪ್ಯಾಕೆಟ್ಟನ್ನು ಟಿಸಿಪಿ ಮತ್ತೆ ಕಳಿಸುತ್ತೆ. ಸದ್ದಿಲ್ಲದೆ ಡೇಟಾಬೇಸ್ ಸೇರಿದ ತಪ್ಪು ಅಂಕಿಯನ್ನು ಯಾರೂ ವಾಪಸ್ ತರಲ್ಲ. ಅದು ಯಾರದೋ ಬ್ಯಾಂಕ್ ಬ್ಯಾಲೆನ್ಸ್ ಆಗಿರಬಹುದು, ಬ್ಲಡ್ ರಿಪೋರ್ಟೂ ಆಗಿರಬಹುದು.

ನಿಮ್ಮ ಕೋಡ್‌ನಲ್ಲಿ ಕಾಮೆಂಟ್ ಆಗಿ ಕೂತಿರೋ ಚೆಕ್ ಯಾವ್ದಾದ್ರೂ ಇದ್ಯಾ? ಇವತ್ತೇ ತೆಗೆದು ನೋಡಿ, ಏನಾಯ್ತು ಅಂತ ಕೆಳಗೆ ಬರೀರಿ 👇

#ಕನ್ನಡದಲ್ಲಿಕೋಡಿಂಗ್ #ಲಿನಕ್ಸ್ #ನೆಟ್‌ವರ್ಕಿಂಗ್